ಗುಮ್ಮಟದ ನಾಡಿನಲ್ಲಿ ಕಲಾಚರಿತ್ರೆಯ ವ್ಯಾಸಂಗ

ವಿಶ್ವವಿದ್ಯಾನಿಲಯಗಳಲ್ಲಿ ವ್ಯಾಸಂಗ ಮಾಡತಕ್ಕ ವಿಷಯಗಳು ಹಲವಾಗಿದ್ದರೂ ಅವುಗಳಲ್ಲಿ ಕೆಲವು ಮಾತ್ರವೇ ನಮ್ಮ ಮನೆಗಳ ಪಡಸಾಲೆಯಲ್ಲಿ ಮಾತಿಗೆ ಬರುವಂಥವು. ವೈದ್ಯ, ಇಂಜಿನಿಯರಿಂಗ್, ಕಾನೂನು, ವಾಣಿಜ್ಯ ಎಂದರೆ ಹಳ್ಳಿಯ ಮುದುಕರೂ ತಲೆದೂಗುವರು. ಕಲೆಯ ಮತ್ತು ವಾಸ್ತುವಿನ ಚರಿತ್ರೆ ಹಾಗೂ ಸಿದ್ಧಾಂತ ಎಂದರೆ ಕೇಳಿದವರು ಕ್ಷಣಕಾಲ ಸುಮ್ಮನಿದ್ದು, ಅದೆಂಥ ಓದು ಎಂದು ವಿಚಾರಿಸುವರು. ಈ ಪ್ರಶ್ನೆ ನ್ಯಾಯವಾದುದು. ಇದಕ್ಕೆ ಪುಸ್ತಕದ ಉತ್ತರವನ್ನು ಕೊಡುವುದಕ್ಕಿಂತ ಒಂದು ಊರನ್ನು ಎದುರಿಗಿಟ್ಟುಕೊಂಡು ಉತ್ತರ ಹೇಳುವುದು ಲೇಸೆಂದು ನಮಗೆ ತೋರುತ್ತದೆ. ಆದಕಾರಣ ಇಂದಿನ ಭಾಷಣದಲ್ಲಿ ವಿಜಯಪುರವನ್ನೂ, ಅದರ ಪಶ್ಚಿಮಕ್ಕಿರುವ ತಿಕೋಟಾ, ನೈಋತ್ಯಕ್ಕಿರುವ ಬಬಲೇಶ್ವರ ಇವುಗಳ ಸೀಮೆಯನ್ನೂ ಆಧಾರವಾಗಿ ಇಟ್ಟುಕೊಂಡಿದ್ದೇವೆ. 2014ರ ನವೆಂಬರ್ 1ರವರೆಗೆ ಬಿಜಾಪುರವೆಂದು ಕಾಗದಪತ್ರಗಳಲ್ಲಿ ಬರೆಯಲ್ಪಡುತ್ತಿದ್ದ ಊರೇ ಇದು. ಜನರ ಬಾಯಲ್ಲಿ ಇಂದಿಗೂ ಎರಡು ಹೆಸರೂ ಉಂಟು.

ಮೊದಲು, ಈ ಶಾಸ್ತ್ರವು ಏನಲ್ಲವೆಂಬುದನ್ನು ಹೇಳಿಬಿಡೋಣ. ಇದು ಚಿತ್ರ ಬರೆಯಲು ಕಲಿಸುವ ಶಿಕ್ಷಣವಲ್ಲ. ಕಟ್ಟಡ ಕಟ್ಟಿಸುವ ಇಂಜಿನಿಯರನ ವಿದ್ಯೆಯೂ ಅಲ್ಲ. ರಾಜರ ಹೆಸರುಗಳನ್ನೂ ಇಸವಿಗಳನ್ನೂ ಬಾಯಿಪಾಠ ಮಾಡುವುದಂತೂ ಖಂಡಿತವಾಗಿ ಅಲ್ಲ. ಒಂದು ಕಟ್ಟಡದ ಮುಂದೆ ನಿಂತು, ಇದು ಬೀಳದೆ ಹೇಗೆ ನಿಂತಿದೆ, ಇದನ್ನು ಯಾರು ಯಾರಿಗಾಗಿ ಕಟ್ಟಿದರು, ಇದನ್ನು ಚೆಲುವೆಂದು ನಾವು ಹೇಳುವುದಾದರೆ ಯಾವ ಅಳತೆಗೋಲಿನಿಂದ ಹೇಳುತ್ತೇವೆ ಎಂದು ಕೇಳುವುದೇ ಇದರ ಕೆಲಸ. ಈ ಮೂರನೆಯ ಪ್ರಶ್ನೆಯನ್ನೇ ಸಿದ್ಧಾಂತವೆನ್ನುವುದು. ಉಳಿದೆರಡನ್ನು ಬಿಟ್ಟು ಸಿದ್ಧಾಂತವನ್ನು ಮಾತ್ರ ಹಿಡಿದವರು ಗಾಳಿಯಲ್ಲಿ ಗೋಡೆ ಕಟ್ಟುವರೆಂಬುದು ನಮ್ಮ ಅಭಿಪ್ರಾಯ.

ಪಾಶ್ಚಾತ್ಯ ದೇಶಗಳಲ್ಲಿಯೂ ಇದು ಬಹಳ ಹಳೆಯ ವಿಷಯವೇನಲ್ಲ. ಜರ್ಮನಿಯ ಗ್ಯೋಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ 1813ರಲ್ಲಿ ಫಿಯೊರಿಲ್ಲೊ ಎಂಬವನು ಕಲಾಚರಿತ್ರೆಯ ಪ್ರಾಧ್ಯಾಪಕನಾದನು. ಇಂಗ್ಲೆಂಡಿನಲ್ಲಿ ಫೆಲಿಕ್ಸ್ ಸ್ಲೇಡ್ ಎಂಬ ಧನಿಕನ ಮರಣಪತ್ರದ ಹಣದಿಂದ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಂಡನ್ನುಗಳಲ್ಲಿ ಪೀಠಗಳು ಏರ್ಪಟ್ಟು, 1870ರಲ್ಲಿ ರಸ್ಕಿನ್ನನು ಆಕ್ಸ್‌ಫರ್ಡಿನಲ್ಲಿ ಉಪನ್ಯಾಸಗಳನ್ನು ಆರಂಭಿಸಿದನು. ನಮ್ಮ ದೇಶದಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯವು 1921ರಲ್ಲಿ ಬಾಗೇಶ್ವರೀ ಪೀಠವನ್ನು ಸ್ಥಾಪಿಸಿ ಅವನೀಂದ್ರನಾಥ ಠಾಕೂರರನ್ನು ಅದರಲ್ಲಿ ಕುಳ್ಳಿರಿಸಿತು. ಸ್ಟೆಲ್ಲಾ ಕ್ರಾಮ್ರಿಷ್ ಎಂಬ ವಿದುಷಿ ಅಲ್ಲಿಯೇ ಪಾಠ ಹೇಳಿದರು. 1950ರಲ್ಲಿ ಬರೋಡೆಯಲ್ಲಿ ಲಲಿತಕಲೆಗಳ ವಿಭಾಗ ತೆರೆಯಿತು. ಕನ್ನಡನಾಡಿನಲ್ಲಿ ಈ ಕೆಲಸವು ಹೆಚ್ಚಾಗಿ ಪುರಾತತ್ವ ಇಲಾಖೆಯ ಮತ್ತು ಶಾಸನಶಾಸ್ತ್ರದ ಬಾಗಿಲಿನಿಂದ ಒಳಗೆ ಬಂದಿತು. ಮೈಸೂರಿನಲ್ಲಿ ಆರ್. ನರಸಿಂಹಾಚಾರ್ಯರು ಸೋಮನಾಥಪುರವೇ ಮೊದಲಾದ ದೇವಾಲಯಗಳ ಮೇಲೆ ಬರೆದ ಪುಸ್ತಿಕೆಗಳೂ, ಧಾರವಾಡದಲ್ಲಿ 1939ರಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆಯೂ ಇದಕ್ಕೆ ಸಾಕ್ಷಿ. ಆ ಬಾಗಿಲು ಒಳ್ಳೆಯದೇ. ಆದರೆ ಶಾಸನವನ್ನು ಓದುವ ಕಣ್ಣು ಕೆಲವೊಮ್ಮೆ ಶಾಸನವಿರುವ ಕಂಬವನ್ನು ನೋಡುವುದಕ್ಕೆ ಮರೆಯುವುದುಂಟು.

ಇನ್ನು ಗೋಳಗುಮ್ಮಟಕ್ಕೆ ಬರೋಣ. ಮಹಮ್ಮದ ಆದಿಲ್‌ಶಹನು 1627ರಿಂದ 1656ರವರೆಗೆ ಆಳಿದನು. ತನ್ನ ಗೋರಿಯನ್ನು ತಾನೇ ಕಟ್ಟಿಸಿದನು. ಇದನ್ನು ನೋಡಲು ಬಂದವರಿಗೆ ಮೊದಲು ಕಿವಿಗೆ ಬೀಳುವ ಮಾತು, ಇದು ಜಗತ್ತಿನಲ್ಲಿಯೇ ಎರಡನೆಯ ದೊಡ್ಡ ಗುಮ್ಮಟ ಎಂಬುದು. ಶಾಲೆಯ ಮಕ್ಕಳು ಇದನ್ನು ಬರೆದು ಅಂಕ ಪಡೆಯುವರು. ಕಲಾಚರಿತ್ರೆಯ ವಿದ್ಯಾರ್ಥಿಯಾದವನಾದರೋ ಇಲ್ಲಿ ನಿಂತು, ಯಾವುದರಲ್ಲಿ ದೊಡ್ಡದು ಎಂದು ಕೇಳಬೇಕು. ಗುಮ್ಮಟದ ಒಳವ್ಯಾಸವು 124 ಅಡಿ 5 ಅಂಗುಲ. ರೋಮಿನ ಪ್ಯಾಂಥಿಯನ್ ಎಂಬ ಪುರಾತನ ದೇವಾಲಯದ ಗುಮ್ಮಟದ ಒಳವ್ಯಾಸವು ಸುಮಾರು 142 ಅಡಿ. ಫ್ಲಾರೆನ್ಸಿನ ಪ್ರಧಾನ ಇಗರ್ಜಿಯದೂ ರೋಮಿನ ಸಂತ ಪೀಟರನ ಇಗರ್ಜಿಯದೂ ನಮ್ಮದಕ್ಕಿಂತ ಅಗಲವಾದುವೇ. ಒಳವ್ಯಾಸದ ಲೆಕ್ಕ ಹಿಡಿದರೆ ಎರಡನೆಯ ಸ್ಥಾನ ನಿಲ್ಲುವುದಿಲ್ಲ. ಹಾಗಾದರೆ ಹೆಗ್ಗಳಿಕೆ ಸುಳ್ಳೆ? ಅಲ್ಲ, ಅದು ಬೇರೆ ಕಡೆ ಇದೆ. ಒಳಗಿನ ಹಜಾರವು ಪ್ರತಿಯೊಂದು ಬದಿಗೆ 135 ಅಡಿ 5 ಅಂಗುಲವಿರುವ ಚೌಕ. ಇದರ ನೆಲದ ವಿಸ್ತಾರ 18,337 ಚದರ ಅಡಿ, ಪ್ಯಾಂಥಿಯನ್ನಿನದು 15,833. ಅಂದರೆ ಒಂದೇ ಗುಮ್ಮಟದ ಕೆಳಗೆ, ನಡುವೆ ಒಂದು ಕಂಬವೂ ಇಲ್ಲದೆ, ಮುಚ್ಚಿದ ನೆಲದ ಲೆಕ್ಕದಲ್ಲಿ ನಮ್ಮದು ರೋಮನರದನ್ನು ಮೀರಿಸಿತು. ವ್ಯಾಸ ಕಡಮೆ, ಮುಚ್ಚಿದ ನೆಲ ಹೆಚ್ಚು! ಇದು ಹೇಗೆ ಸಾಧ್ಯವಾಯಿತು?

ಪ್ಯಾಂಥಿಯನ್ನಿನ ಗೋಡೆಯೇ ದುಂಡಗಿದೆ. ದುಂಡು ಗೋಡೆಯ ಮೇಲೆ ದುಂಡು ಗುಮ್ಮಟ ಕುಳಿತಿದೆ. ಇಲ್ಲಿ ಗೋಡೆ ಚೌಕ, ಗುಮ್ಮಟ ದುಂಡು. ಚೌಕವನ್ನು ದುಂಡಾಗಿಸುವುದೇ ಗುಮ್ಮಟ ಕಟ್ಟುವವರೆಲ್ಲರ ಹಳೆಯ ತಲೆನೋವು. ನಮ್ಮ ಹೆಣ್ಣುಮಕ್ಕಳು ಬಾಗಿಲ ಮುಂದೆ ಎಂಟು ಮೂಲೆಯ ರಂಗವಲ್ಲಿಯನ್ನು ಹೇಗೆ ಹಾಕುವರೆಂಬುದನ್ನು ನೆನೆಯಿರಿ. ಒಂದು ಚೌಕವನ್ನು ಎಳೆದು ಅದರ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಎಳೆದರೆ ಎಂಟು ಚುಕ್ಕೆಯ ನಕ್ಷತ್ರವಾಗುತ್ತದೆ. ಅದರ ನಡುವೆ ಎಂಟು ಮೂಲೆಯ ಬಯಲು ಉಳಿಯುತ್ತದೆ. ಗೋಳಗುಮ್ಮಟದ ಒಳಗೆ ನಿಂತು ತಲೆಯೆತ್ತಿ ನೋಡಿದರೆ ಈ ರಂಗವಲ್ಲಿಯೇ ಕಲ್ಲುಗಚ್ಚಿನ ಕಮಾನುಗಳಾಗಿ ಕಾಣುತ್ತದೆ. ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಹೆಣೆದುಕೊಂಡು ಒಳಮುಖವಾಗಿ ಬಾಗುತ್ತ ಮೇಲೇರುವುವು. ಅವುಗಳ ನೆತ್ತಿಯಲ್ಲಿ ಉಳಿಯುವ ಬಯಲು ಮೊದಲಿನ ಚೌಕಕ್ಕಿಂತ ಚಿಕ್ಕದು, ಹೆಚ್ಚು ಕಡಮೆ ದುಂಡಗಿನದು. ಅದರ ಅಂಚಿಗಿಂತ ಒಳಗೇ ಅಲ್ಲ, ಸ್ವಲ್ಪ ಹಿಂದಕ್ಕೆ ಗುಮ್ಮಟವನ್ನು ಕೂರಿಸಿದ್ದಾರೆ. ಉಳಿದ ಅಂಚೇ, ಪಿಸುಮಾತನ್ನು ಈ ಬದಿಯಿಂದ ಆ ಬದಿಗೆ ಒಯ್ಯುವ ಪ್ರಸಿದ್ಧವಾದ ಮೊಗಸಾಲೆ. ಪ್ರವಾಸಿಗಳು ಅಲ್ಲಿ ಕೂಗಿ ಪ್ರತಿಧ್ವನಿಯನ್ನು ಎಣಿಸಿ ಇಳಿದುಹೋಗುವರು. ಎಣಿಸಲಿ, ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಆ ಮೊಗಸಾಲೆಯು ಅಲ್ಲಿ ಇರುವುದು ಪ್ರತಿಧ್ವನಿಗಾಗಿ ಅಲ್ಲ. ಭಾರವಾದ ಗುಮ್ಮಟವು ತನ್ನ ಬುಡದಲ್ಲಿ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಒಳಕ್ಕೆ ಬಾಗಿದ ಈ ಕಮಾನುಗಳ ರಾಶಿಯು ಒಳಕ್ಕೆ ಜಗ್ಗುತ್ತದೆ. ಒಂದರ ತಳ್ಳುವಿಕೆಯನ್ನು ಇನ್ನೊಂದರ ಜಗ್ಗುವಿಕೆ ತಡೆದುಕೊಂಡಿದೆ. ಇದನ್ನು ಗ್ರಹಿಸಿ ಮೆಚ್ಚಿ ಬರೆದವರಲ್ಲಿ ಜೇಮ್ಸ್ ಫರ್ಗ್ಯುಸನ್ ಮೊದಲಿಗನೆನ್ನಬಹುದು.

ಇಂಥ ಸಾಹಸವು ಒಂದೇ ದಿನದಲ್ಲಿ ಹೊಳೆದುದಲ್ಲವೆಂಬುದಕ್ಕೆ ಊರಿನಲ್ಲಿಯೇ ಪುರಾವೆ ಇದೆ. ತಾಳಿಕೋಟೆಯ ಯುದ್ಧವಾದ ಹತ್ತು ವರ್ಷಗಳ ಮೇಲೆ, ಸುಮಾರು 1576ರಲ್ಲಿ, ಒಂದನೆಯ ಅಲಿ ಆದಿಲ್‌ಶಹನು ಆರಂಭಿಸಿದ ಜಾಮಿಯಾ ಮಸೀದಿಯ ಗುಮ್ಮಟವೂ ಇದೇ ಹೆಣಿಗೆಯ ಮೇಲೆಯೇ ನಿಂತಿದೆ. ಅಳತೆ ಮಾತ್ರ ಅರ್ಧಕ್ಕಿಂತ ಕಡಮೆ. ಎಂದರೆ ಎಂಬತ್ತು ವರ್ಷಗಳ ಕಾಲ ಒಂದು ಕುಲದ ಕುಶಲಕರ್ಮಿಗಳು ಒಂದೇ ಲೆಕ್ಕವನ್ನು ಚಿಕ್ಕದರಿಂದ ದೊಡ್ಡದಕ್ಕೆ ಬಿಡಿಸುತ್ತ ಬಂದರು. ಗೋಳಗುಮ್ಮಟದ ಅನಂತರ ಎರಡನೆಯ ಅಲಿಯು ತನಗಾಗಿ ಎತ್ತಿಸಿದ ಬಾರಾಕಮಾನವು ಮುಗಿಯಲೇ ಇಲ್ಲ. ನಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೂ ಕರೆದೊಯ್ಯಬೇಕು. ಮುಗಿದ ಕಟ್ಟಡವು ಗಾರೆಯ ಹೊದಿಕೆಯಲ್ಲಿ ತನ್ನ ಗುಟ್ಟನ್ನು ಮುಚ್ಚಿಕೊಳ್ಳುತ್ತದೆ, ಮುಗಿಯದ ಕಟ್ಟಡವು ಎಲುಬುಗಳನ್ನು ಬಿಚ್ಚಿ ತೋರಿಸುತ್ತದೆ.

ಇಬ್ರಾಹಿಂ ರೋಜಾದಲ್ಲಿ ಇನ್ನೊಂದು ಪಾಠವಿದೆ. ಎರಡನೆಯ ಇಬ್ರಾಹಿಂ ಆದಿಲ್‌ಶಹನ ಗೋರಿಯೂ ಅದರೆದುರಿನ ಮಸೀದಿಯೂ ಇರುವ ಈ ಕಟ್ಟಡವು ಮಲಿಕ್ ಸಂದಲನ ಉಸ್ತುವಾರಿಯಲ್ಲಿ ಸುಮಾರು 1626ರ ಹೊತ್ತಿಗೆ ಮುಗಿದುದು. ಗೋಳಗುಮ್ಮಟವು ತನ್ನ ಗಾತ್ರದಿಂದ ಮಾತನಾಡಿದರೆ ಇದು ಕೆತ್ತನೆಯಿಂದ ಮಾತನಾಡುತ್ತದೆ. ಅಕ್ಷರಗಳನ್ನೇ ಜಾಲಂದರವಾಗಿ ಕೊರೆದ ಕಲ್ಲಿನ ಕಿಟಕಿಗಳನ್ನು ಎಲ್ಲರೂ ಹೊಗಳುವರು. ಅದಕ್ಕಿಂತ ಆಶ್ಚರ್ಯಕರವಾದುದು ಒಳಗಿನ ಕೋಣೆಯ ಮಾಳಿಗೆ. ನಡುಭಾಗವು ಸಪಾಟಾದ ಕಲ್ಲುಹಲಗೆಗಳಿಂದ ಆಗಿದೆ. ಅವುಗಳ ಕೆಳಗೆ ತೊಲೆಯಿಲ್ಲ, ಕಂಬವಿಲ್ಲ. ಹೆನ್ರಿ ಕಸಿನ್ಸ್ ಎಂಬ ಪುರಾತತ್ವಾಧಿಕಾರಿಯು ಬಹುಕಾಲ ಇಲ್ಲಿ ಅಳೆದು ಬರೆದು 1916ರಲ್ಲಿ ಬಿಜಾಪುರದ ವಾಸ್ತುಶೇಷಗಳನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಈ ಮಾಳಿಗೆಯು ನಿಂತಿರುವುದು ಗಚ್ಚಿನ ಬಲದಿಂದಲೇ ಎಂಬುದು ಅವನ ನಿರ್ಣಯ. ಗಚ್ಚೆಂದರೆ ಸುಣ್ಣ. ಈ ಮಾತನ್ನು ಶ್ರೋತೃಗಳು ಸ್ವಲ್ಪ ನೆನಪಿನಲ್ಲಿಟ್ಟಿರಬೇಕು; ಇದಕ್ಕೆ ನಾವು ಮತ್ತೆ ಬರಬೇಕಾಗಿದೆ.

ಈಗ ಒಂದು ಕಷ್ಟವಾದ ಸಂಗತಿ. ಕೋಟೆಯೊಳಗೆ ಕರೀಮುದ್ದೀನನ ಮಸೀದಿಯೆಂಬ ಹಳೆಯ ಕಟ್ಟಡವುಂಟು. ಆದಿಲ್‌ಶಾಹಿ ಮನೆತನಕ್ಕಿಂತ ಸುಮಾರು 170 ವರ್ಷ ಮೊದಲು, 1320ರಲ್ಲಿ ಅದು ಕಟ್ಟಲ್ಪಟ್ಟಿತು. ಅದರ ಕಂಬಗಳು ದೇವಾಲಯದ ಕಂಬಗಳು. ಅವುಗಳ ಮೇಲೆ ಹಳಗನ್ನಡದ ಶಾಸನಗಳಿವೆ. ಇದನ್ನು ಮುಚ್ಚಿಡತಕ್ಕದ್ದಲ್ಲ. ಅದೇ ಕಟ್ಟಡದ ಬರಹದಲ್ಲಿ, ಕೆಲಸಮಾಡಿದವನೆಂದು ಸಾಲೋಟಗಿಯ ಬಡಗಿಯೊಬ್ಬನ ಹೆಸರು ಬರುತ್ತದೆ, ಇದನ್ನೂ ಮುಚ್ಚಿಡತಕ್ಕದ್ದಲ್ಲ. ಮೊದಲನೆಯ ಸಂಗತಿಯನ್ನು ಮಾತ್ರ ಹೇಳುವವರಿದ್ದಾರೆ, ಎರಡನೆಯದನ್ನು ಮಾತ್ರ ಹೇಳುವವರೂ ಇದ್ದಾರೆ. ಎರಡನ್ನೂ ಒಟ್ಟಿಗೆ, ದನಿಯೇರಿಸದೆ ಹೇಳುವ ಶಿಸ್ತನ್ನು ಕಲಿಸುವ ಸ್ಥಳವು ವಿಶ್ವವಿದ್ಯಾನಿಲಯವಲ್ಲದೆ ಬೇರೆ ಯಾವುದು? ಬಜಾರಿನಲ್ಲಿ ಅದು ಕಲಿಯಲಾಗದು.

ಸಾಲೋಟಗಿಯ ಹೆಸರು ಬಂದುದರಿಂದ ಒಂದು ಮಾತನ್ನು ನಡುವೆ ಹೇಳುತ್ತೇವೆ. ಇಂಡಿಯ ಬಳಿಯ ಆ ಹಳ್ಳಿಯಲ್ಲಿ 945ರ ಒಂದು ಕಂಬದ ಶಾಸನವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನೆಂದೂ, ನಾನಾ ದೇಶಗಳ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರೆಂದೂ, ಅವರ ವಸತಿಗಾಗಿ 27 ಮನೆಗಳಿದ್ದುವೆಂದೂ ಅದು ತಿಳಿಸುತ್ತದೆ. ಹೊರಗಿನವರು ಓದಲೆಂದು ಈ ಸೀಮೆಗೆ ಬರುತ್ತಿದ್ದ ಕಾಲವೊಂದಿತ್ತು.

ಫರ್ಗ್ಯುಸನ್ನನನ್ನು ಹೊಗಳಿದೆವು, ಅವನಲ್ಲಿ ಒಪ್ಪಲಾಗದುದನ್ನೂ ಹೇಳಬೇಕು. ನೀಲಿಯ ವ್ಯಾಪಾರಕ್ಕೆಂದು ಬಂದು ಕಟ್ಟಡಗಳ ಮೋಹಕ್ಕೆ ಸಿಕ್ಕಿದ ಈ ಮನುಷ್ಯನು ದೇಶವನ್ನೆಲ್ಲ ತಿರುಗಿ, 1866ರಲ್ಲಿ ಮೆಡೋಸ್ ಟೇಲರನೊಂದಿಗೆ ಬಿಜಾಪುರದ ವಾಸ್ತುವನ್ನು ಕುರಿತ ಚಿತ್ರಸಹಿತವಾದ ಗ್ರಂಥವನ್ನೂ, 1876ರಲ್ಲಿ ಭಾರತದ ವಾಸ್ತುಚರಿತ್ರೆಯನ್ನೂ ಹೊರತಂದನು. ಆದರೆ ಅವನು ಕಟ್ಟಡಗಳನ್ನು ಬೌದ್ಧ, ಜೈನ, ದ್ರಾವಿಡ, ಚಾಲುಕ್ಯ, ಸಾರಸೆನಿಕ್ ಎಂದು ಮತದ, ಜನಾಂಗದ ಪೆಟ್ಟಿಗೆಗಳಲ್ಲಿ ವಿಂಗಡಿಸಿಟ್ಟನು. ಕಲ್ಲನ್ನು ನೋಡಿದರೆ ಕಟ್ಟಿದವರ ರಕ್ತವು ಗೊತ್ತಾಗುವುದೆಂದು ಅವನ ನಂಬಿಕೆ. ಈ ಪೆಟ್ಟಿಗೆಗಳು ಇಂದಿಗೂ ನಮ್ಮ ಪಠ್ಯಪುಸ್ತಕಗಳಲ್ಲಿ ಉಳಿದಿವೆ. 1620ರ ಸುಮಾರಿನ ಮೆಹತರ ಮಹಲಿನ ಮುಂದೆ ನಿಂತು ಮೇಲಿನ ಬಾಲ್ಕನಿಯನ್ನು ಹೊತ್ತ ಕಲ್ಲಿನ ಚಾಚುಗಳನ್ನು ನೋಡಿರಿ. ಮರದ ಕೆಲಸದಂತೆ ಸೂಕ್ಷ್ಮವಾಗಿ ಕೊರೆದವು. ಅನಂತರ ತಿಕೋಟಾದ ಕಡೆಗಾಗಲಿ ಬಬಲೇಶ್ವರದ ಕಡೆಗಾಗಲಿ ಹೋಗಿ ಹಳೆಯ ವಾಡೆಯೊಂದರ ಪಡಸಾಲೆಯಲ್ಲಿ ಕಂಬದ ತಲೆಯ ಮೇಲಿನ ಬೋದಿಗೆಯನ್ನು ನೋಡಿರಿ. ತೊಲೆಯ ಭಾರವನ್ನು ಹಿಡಿದು ಕಂಬಕ್ಕೆ ಇಳಿಸುವ ಆ ಬೋದಿಗೆಗೂ ಮಹಲಿನ ಚಾಚಿಗೂ ನಂಟಸ್ತಿಕೆ ಕಾಣದಿದ್ದರೆ ಕಣ್ಣಿಗೆ ಅಭ್ಯಾಸ ಸಾಲದೆಂದೇ ಹೇಳಬೇಕು. ಅವುಗಳಲ್ಲಿ ಯಾವುದನ್ನು ಯಾವ ಪೆಟ್ಟಿಗೆಯಲ್ಲಿ ಇಡುವುದು? ಕೈ ಒಂದೇ, ಕೆಲಸ ಹೇಳಿದವರು ಬೇರೆ ಬೇರೆ.

ತಿಕೋಟಾಕ್ಕೆ ಹೋಗುವ ಹಾದಿಯಲ್ಲಿ, ಊರು ಬಿಟ್ಟ ಮೂರು ನಾಲ್ಕು ಮೈಲಿಗೆ ತೊರವಿ ಸಿಕ್ಕುವುದು. ಕುಮಾರವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಊರು. ನರಸಿಂಹನ ಗುಡಿಯೂ ಅಲ್ಲಿಯೇ. ಇದರ ಬಳಿ ಎರಡನೆಯ ಇಬ್ರಾಹಿಮನು 1599ರಲ್ಲಿ ನವರಸಪುರವೆಂಬ ಹೊಸ ಪಟ್ಟಣವನ್ನು ಆರಂಭಿಸಿದನು. ಅವನು ದಖನಿಯಲ್ಲಿ ಹಾಡುಗಳನ್ನು ಕಟ್ಟಿ ಕಿತಾಬೆ ನವರಸವೆಂದು ಕರೆದವನು, ಅದರಲ್ಲಿ ಸರಸ್ವತಿಯನ್ನು ಸ್ತುತಿಸಿದವನು. ಭರತನಿಂದ ಬಂದ ರಸದ ಮಾತು ಒಬ್ಬ ಸುಲ್ತಾನನ ಊರಿನ ಹೆಸರಾಯಿತು! ಸಿದ್ಧಾಂತವೆಂಬುದು ಪಂಡಿತರ ಓಲೆಗಳಲ್ಲಿ ಮಾತ್ರ ಇರುವುದೆಂದು ತಿಳಿದವರು ಇದನ್ನು ಆಲೋಚಿಸಬೇಕು. 1624ರಲ್ಲಿ ಅಹಮದನಗರದ ಮಲಿಕ್ ಅಂಬರನು ಆ ಪಟ್ಟಣವನ್ನು ಹಾಳುಗೆಡವಿದನು. ಕೋಟೆಯೊಳಗಿನ ಗಗನಮಹಲಿನ ಹೋಲಿಕೆಯುಳ್ಳ ಸಂಗೀತ ಮಹಲಿನ ಕಮಾನುಗಳು ಮುರಿದ ಗೋಡೆಗಳ ನಡುವೆ ಉಳಿದಿವೆ. ಊರಿಗೆ ಕುಡಿಯುವ ನೀರು ಹರಿಯುತ್ತಿದ್ದುದೂ ತೊರವಿಯ ಕಡೆಯಿಂದಲೇ. ನೆಲದೊಳಗಿನ ಸುರಂಗಗಳ ಮೂಲಕ ನೀರನ್ನು ತರುವ ಏರ್ಪಾಡು ಒಂದನೆಯ ಅಲಿಯ ಕಾಲದಿಂದ ಬೆಳೆಯಿತು. ಈಗ ಅದೇ ತೊರವಿಯ ಬಳಿ ಮಹಿಳೆಯರ ವಿಶ್ವವಿದ್ಯಾನಿಲಯವಿದೆ. 2003ರಲ್ಲಿ ಸ್ಥಾಪಿತವಾಗಿ ಈಗ ಅಕ್ಕಮಹಾದೇವಿಯ ಹೆಸರನ್ನು ಹೊತ್ತಿದೆ. ಒಂದು ವಿಶ್ವವಿದ್ಯಾನಿಲಯದ ಅಂಗಳಕ್ಕೆ ಇಷ್ಟು ಹತ್ತಿರದಲ್ಲಿ ಇಂಥ ಪ್ರಯೋಗಶಾಲೆ ದೊರೆಯುವುದು ಅಪರೂಪ. ರಸಾಯನಶಾಸ್ತ್ರದವರು ಗಾಜಿನ ಕೊಳವೆಗಳಿಗೆ ಹಣ ತೆರಬೇಕು. ಇಲ್ಲಿ ಬೇಕಾದುದು ಒಂದು ಅಳತೆಯ ಪಟ್ಟಿ, ಒಂದು ಹಲಗೆ, ಕಾಗದ, ಸೀಸದಕಡ್ಡಿ, ಬಿಸಿಲಿಗೆ ಒಂದು ಟೊಪ್ಪಿಗೆ.

ನಮ್ಮ ಸೀಮೆಯಿಂದ ಹೊರಗೆ ಹೋದುದೂ ಕಡಮೆಯಲ್ಲ. ಒಂದನೆಯ ಅಲಿಯ ಕಾಲದಲ್ಲಿ, 1570ರಲ್ಲಿ, ಸಿದ್ಧವಾದ ನುಜೂಮುಲ್ ಉಲೂಮ್ ಎಂಬ ಸಚಿತ್ರ ಗ್ರಂಥವು ಈಗ ಐರ್ಲೆಂಡಿನ ಡಬ್ಲಿನ್ನಿನಲ್ಲಿದೆ. ತಂಬೂರಿ ಹಿಡಿದ ಇಬ್ರಾಹಿಮನ ಚಿತ್ರವನ್ನು ನೋಡಬೇಕಾದವರು ಪ್ರಾಗ್ ನಗರಕ್ಕೆ ಹೋಗಬೇಕು. 2015ರಲ್ಲಿ ನ್ಯೂಯಾರ್ಕಿನ ದೊಡ್ಡ ಸಂಗ್ರಹಾಲಯವು ದಖನಿನ ಸುಲ್ತಾನರ ಕಲೆಯ ಪ್ರದರ್ಶನವನ್ನು ನಡೆಸಿತು. ಬಿಜಾಪುರದ ಸೂಫಿಗಳನ್ನು ಕುರಿತು ರಿಚರ್ಡ್ ಈಟನ್ನರು 1978ರಲ್ಲಿಯೂ, ಬಿಜಾಪುರದ ಆಸ್ಥಾನದ ಕಲೆಯನ್ನು ಕುರಿತು ಡೆಬೊರಾ ಹಟ್ಟನ್ನರು 2006ರಲ್ಲಿಯೂ ಬರೆದ ಪುಸ್ತಕಗಳು ಅಮೆರಿಕದ ವಿದ್ಯಾಪೀಠಗಳಲ್ಲಿ ಬೆಳೆದ ಓದಿನ ಫಲ. ಅವರು ಓದಿದರೆಂದು ಹೊಟ್ಟೆಕಿಚ್ಚು ಪಡುವುದು ಸಣ್ಣತನ. ಆದರೆ ಪಾರಸಿಯನ್ನೂ ದಖನಿಯನ್ನೂ ಅವರು ಕಲಿತುಬಂದಷ್ಟು ಶ್ರದ್ಧೆಯಿಂದ ನಮ್ಮವರು ಕಲಿತರೆ, ಅವರಿಗೆ ಸುಲಭವಾಗಿ ಸಿಕ್ಕದ ಕನ್ನಡವು ನಮ್ಮವರಿಗೆ ಹುಟ್ಟಿನಿಂದಲೇ ಇದೆ. ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರವು ಆದಿಲ್‌ಶಾಹಿ ಕಾಲದ ಗ್ರಂಥಗಳನ್ನು ಕನ್ನಡಕ್ಕೆ ತಂದಿರುವುದು ಈ ದಾರಿಯಲ್ಲಿ ದೊಡ್ಡ ಹೆಜ್ಜೆ.

ಓದದೆ ಇದ್ದರೆ ಏನಾಗುವುದು? ಅದಕ್ಕೂ ಊರಿನಲ್ಲಿ ದೃಷ್ಟಾಂತವಿದೆ. 1885ರಲ್ಲಿ ಜಿಲ್ಲೆಯ ಕಚೇರಿಯು ಕಲಾದಗಿಯಿಂದ ಇಲ್ಲಿಗೆ ಬಂದಾಗ ಸುಲ್ತಾನರ ಮಹಲುಗಳು ಕಚೇರಿಗಳಾದುವು. ಗೋಳಗುಮ್ಮಟದ ಪಕ್ಕದ ಮಸೀದಿಯನ್ನು ಪ್ರವಾಸಿಗಳ ಬಂಗಲೆಯಾಗಿ ಬಳಸಿದರು. 1904ರಲ್ಲಿ ಪ್ರಾಚೀನ ಸ್ಮಾರಕಗಳ ಕಾಯಿದೆ ಬಂದ ಮೇಲೆ ಪದ್ಧತಿ ಸುಧಾರಿಸಿತು. ದೊಡ್ಡ ಕಟ್ಟಡಗಳಿಗೆ ಈಗ ಕಾವಲುಂಟು. ದಖನಿನ ಸುಲ್ತಾನರ ಸ್ಮಾರಕಗಳು 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದುವು. ಕಾವಲಿಲ್ಲದಿರುವುದು ಚಿಕ್ಕ ಕಟ್ಟಡಗಳಿಗೆ: ಹೊಲದ ನಡುವಿನ ಗೋರಿ, ಬಾವಿಯ ಕಮಾನು, ಹಳ್ಳಿಯ ಅಗಸಿ, ವಾಡೆಯ ಹೆಬ್ಬಾಗಿಲು. ಇವುಗಳಿಗೆ ಉಪಕಾರ ಮಾಡುವೆವೆಂದು ಬಂದವರೇ ಹೆಚ್ಚು ಅಪಕಾರ ಮಾಡುವರು. ಸುಣ್ಣದ ಗಚ್ಚು ಉಸಿರಾಡುವ ವಸ್ತು. ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟನ್ನು ಬಳಿದರೆ ತೇವವು ಒಳಗೇ ಸಿಕ್ಕಿಕೊಂಡು, ಉಪ್ಪು ಹೊರಹೊಮ್ಮಿ, ಮುನ್ನೂರು ವರ್ಷ ನಿಂತ ಕಲ್ಲು ಪುಡಿಯಾಗುತ್ತದೆ. ಗಟ್ಟಿಯಾದುದೇ ಒಳ್ಳೆಯದೆಂಬ ಒಂದು ಸಿದ್ಧಾಂತವು ಆ ಗೌಂಡಿಯ ತಲೆಯಲ್ಲಿಯೂ ಉಂಟು. ತಪ್ಪು ಸಿದ್ಧಾಂತ, ಅಷ್ಟೆ.

ಒಂದು ಸಂಭಾಷಣೆಯನ್ನು ಇಲ್ಲಿ ಹೇಳಬಹುದು. ತಿಕೋಟಾದ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರ ಮಗಳು ಪದವಿಯನ್ನು ಮುಗಿಸಿ, ಕಲಾಚರಿತ್ರೆಯನ್ನು ಓದುವುದಕ್ಕೆ ಬರೋಡೆಗೆ ಹೋಗಬೇಕೆಂದು ಹಟ ಹಿಡಿದಳು. ತಂದೆಯವರು ನಮ್ಮನ್ನು ಕರೆಸಿದರು. ತೋಟದ ಅಂಚಿನಲ್ಲಿ ಒಣದ್ರಾಕ್ಷಿಯ ಶೆಡ್ಡಿನ ನೆರಳಿನಲ್ಲಿ ಕುಳಿತು ಅವರು ಕೇಳಿದ ಮಾತನ್ನು ಅವರ ಬಾಯಿಂದ ಬಂದಂತೆಯೇ ಹೇಳುತ್ತೇವೆ: "ಅಲ್ರೀ ಸರ್, ಗೋಳಗುಮ್ಮಟ ಕಟ್ಟಿದಾವ್ರು ಯಾವ ಯುನಿವರ್ಸಿಟಿಗೆ ಹೋಗಿದ್ರು? ಈಕಿ ಅಷ್ಟ ದೂರ ಹೋಗಿ ಹಳೀ ಕಲ್ಲು ಓದಿ ಬಂದ್ರ ನಾಳೆ ಹೊಟ್ಟಿಗೇನ್ರಿ?"

ಈ ಮಾತಿನ ಎರಡನೆಯ ಭಾಗಕ್ಕೆ ಪ್ರಾಮಾಣಿಕವಾದ ಉತ್ತರವನ್ನು ಕೊಡಬೇಕು. ಪುರಾತತ್ವ ಇಲಾಖೆಗಳು, ವಸ್ತುಸಂಗ್ರಹಾಲಯಗಳು, ಕಟ್ಟಡಗಳ ಜೀರ್ಣೋದ್ಧಾರ ಮಾಡುವ ವಾಸ್ತುಶಿಲ್ಪಿಗಳ ಕಚೇರಿಗಳು, ಅಧ್ಯಾಪನ: ಉದ್ಯೋಗಗಳಿವೆ, ಆದರೆ ಹೇರಳವಾಗಿಲ್ಲ. ಕಾಯಬೇಕಾಗುವುದು. ಇಂಜಿನಿಯರಿಂಗ್ ಓದಿದವರೂ ಈಗ ಕಾಯುವರೆಂದು ಹೇಳಿ ಸಮಾಧಾನ ಪಡಿಸಬಹುದಾಗಿತ್ತು. ಅದು ಉತ್ತರವಲ್ಲವೆಂದು ನಾವು ಹೇಳಲಿಲ್ಲ.

ಮೊದಲನೆಯ ಭಾಗವೇ ಹೆಚ್ಚು ಆಳವಾದುದು. ಗುಮ್ಮಟ ಕಟ್ಟಿದವರು ವಿಶ್ವವಿದ್ಯಾನಿಲಯಕ್ಕೆ ಹೋಗಲಿಲ್ಲವೆಂಬುದು ನಿಜ. ಆದರೆ ಅವರು ಓದದವರಲ್ಲ. ಅವರ ಪಾಠಶಾಲೆ ತಂದೆಯ ಪಕ್ಕದಲ್ಲಿ, ಸಾರುವೆಯ ಮೇಲೆ ಇತ್ತು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಗುಂಡನೆಂಬ ಸೂತ್ರಧಾರಿಗೆ ಬಿರುದುಗಳನ್ನು ಕೊಟ್ಟುದನ್ನು ಅಲ್ಲಿಯ ಶಾಸನವೇ ಹೇಳುತ್ತದೆ. ಹೊಯ್ಸಳರ ಗುಡಿಗಳಲ್ಲಿ ಮಲ್ಲಿತಮ್ಮನೂ ಬಳ್ಳಿಗಾವೆಯ ದಾಸೋಜನೂ ತಮ್ಮ ಹೆಸರನ್ನು ವಿಗ್ರಹದ ಪೀಠದಲ್ಲಿ ಕೊರೆದರು. ಸುಣ್ಣವನ್ನು ಎಷ್ಟು ದಿನ ನೆನೆಯಿಡಬೇಕು, ಎತ್ತಿನ ಗಾಣದಲ್ಲಿ ಎಷ್ಟು ಸುತ್ತು ಅರೆಯಬೇಕು, ಬೆಲ್ಲದ ನೀರನ್ನೂ ಅಳಲೆಕಾಯಿಯ ನೀರನ್ನೂ ಯಾವಾಗ ಬೆರೆಸಬೇಕು ಎಂಬುದನ್ನು ಬಲ್ಲ ಮನೆಗಳು ಪ್ರತಿಯೊಂದು ಸೀಮೆಯಲ್ಲಿಯೂ ಇದ್ದುವು. ಆ ಪಾಠಶಾಲೆ ಮುಚ್ಚಿತು. ಸಿಮೆಂಟು ಬಂದ ಮೇಲೆ ಮಗನಿಗೆ ಅದನ್ನು ಹೇಳಿಕೊಡಬೇಕಾದ ಅಗತ್ಯ ತಂದೆಗೆ ಕಾಣಲಿಲ್ಲ. ಮುಚ್ಚಿದ ಶಾಲೆಯಲ್ಲಿದ್ದುದನ್ನು ಉಳಿದ ಗೋಡೆಗಳಿಂದಲೂ ಬದುಕಿರುವ ಒಬ್ಬಿಬ್ಬರು ಮುದುಕರ ಬಾಯಿಂದಲೂ ಬರೆದುಕೊಳ್ಳಬೇಕಾದರೆ, ಕಟ್ಟಡವನ್ನು ಓದಬಲ್ಲ, ಮುದುಕರ ಮಾತು ತಿಳಿಯಬಲ್ಲ ಮಕ್ಕಳು ಬೇಕು. ಬರೋಡೆಯಲ್ಲಿ ಹುಟ್ಟಿದವರಿಗೆ ಬೋದಿಗೆ, ಜಂತಿ, ಮೇಲ್ಮುದ್ದೆ, ಹಗೇವು ಎಂಬ ಮಾತುಗಳು ಹೇಗೆ ತಿಳಿದಾವು?

ನಾವು ಈ ಅರ್ಥದ ನಾಲ್ಕು ಮಾತುಗಳನ್ನು ಆಡಿದೆವು. ಅವರು ಒಪ್ಪಿದರೆಂದು ಹೇಳಲಾರೆವು. ಎಲೆಯಡಿಕೆ ಹಾಕಿಕೊಂಡು, ಶೆಡ್ಡನ್ನು ತೋರಿಸಿ, ಗಾಳಿ ಪಡುವಣದಿಂದ ಬೀಸುವುದರಿಂದ ಅದರ ಬಾಯನ್ನು ಹೇಗೆ ತಿರುಗಿಸಿ ಕಟ್ಟಿಸಿದೆನೆಂದು ವಿವರಿಸಿದರು. ಇದೂ ವಾಸ್ತುವಿನ ಸಿದ್ಧಾಂತವೇ ಎಂದಾಗ ನಕ್ಕರು. ಆಮೇಲೆ ಊರೊಳಗಿನ ಮನೆಗೆ ಕರೆದೊಯ್ದರು. ಮುತ್ತಜ್ಜನ ಕಾಲದ ವಾಡೆ. ಅಂಗಳದ ಮೂರು ಬದಿಗೆ ಮಾಳಿಗೆ, ನಾಲ್ಕನೆಯದು ಮೊದಲೇ ಬಿದ್ದಿದೆ. ಉಳಿದುದನ್ನೂ ತೆಗೆಸಿ ದೀಪಾವಳಿ ಮುಗಿದ ಮೇಲೆ ಸ್ಲ್ಯಾಬಿನ ಮನೆಯನ್ನು ಕಟ್ಟಿಸುವ ಏರ್ಪಾಡು ನಡೆದಿತ್ತು. ಪಡಸಾಲೆಯಲ್ಲಿ ನಿಂತು, ಹೊಗೆಯಿಂದ ಕಪ್ಪಾದ ಬೋದಿಗೆಯ ಮೇಲೆ ಕೈಯಾಡಿಸುತ್ತ, ಅದರ ಕೆತ್ತನೆಯ ಗಿಳಿಯನ್ನು ತೋರಿಸಿ, "ಇದ ಎಷ್ಟ ವರ್ಷದ್ದ ಇದ್ದೀತ್ರಿ ಸರ್?" ಎಂದು ಕೇಳಿದರು.

ಕೆತ್ತನೆಯ ರೀತಿಯಿಂದ ಒಂದು ಅಂದಾಜನ್ನು ಹೇಳಬಹುದಾಗಿತ್ತು; ಸರಿಯಾಗಿ ಹೇಳಬೇಕಾದರೆ ಈ ಸೀಮೆಯ ಐವತ್ತು ವಾಡೆಗಳ ಬೋದಿಗೆಗಳನ್ನು ಬಿಡಿಸಿ, ಪಕ್ಕಪಕ್ಕದಲ್ಲಿಟ್ಟು ನೋಡಬೇಕು; ಅಂಥ ಸಂಗ್ರಹವನ್ನು ಯಾರಾದರೂ ಕುಳಿತು ಮಾಡಬೇಕು. ಇದನ್ನು ಅವರಿಗೆ ತಿಳಿಸಿದೆವು. ಮಗಳು ಆಗಲೇ ಒಳಗಿನಿಂದ ನೋಟುಪುಸ್ತಕವನ್ನೂ ದರ್ಜಿಯ ಪಟ್ಟಿಯನ್ನೂ ತಂದು, ಕಂಬದ ಸುತ್ತಳತೆಯನ್ನು ಹಿಡಿಯತೊಡಗಿದ್ದಳು. ಗೌಂಡಿಗೆ ಇನ್ನೊಂದು ತಿಂಗಳು ತಡೆದು ಬರುವಂತೆ ಹೇಳಿಕಳುಹಿಸಿದರು.